ಸರ್, ನಾನು ಸತ್ತೇ ಹೋದೆ!

ಬೆಂಗಳೂರಿನ ಆಫೀಸುಗಳಲ್ಲಿ ಈಚೆಗೆ ದಿನಕ್ಕೆ ಹತ್ತಾರು ಜನ ಸಾಯುತ್ತಿದ್ದಾರೆ. ಸಾಯುವವರೆಲ್ಲ ಇಪ್ಪತ್ತೈದರ ಆಸುಪಾಸಿನವರು. ಸತ್ತ ಮರುನಿಮಿಷಕ್ಕೇ ಎದ್ದು ಕ್ಯಾಂಟೀನಿಗೆ ಹೋಗಿ ಗೋಬಿ ಮಂಚೂರಿ ತಿನ್ನುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಜೋಕು ಹಾಕಿದರೆ ಇವರ ಉತ್ತರ ಒಂದು ತಲೆಬುರುಡೆಯ ಚಿತ್ರ. ನಕ್ಕೂ ನಕ್ಕೂ ಸತ್ತೆ ಅಂತ ಅದರ ತಾತ್ಪರ್ಯ. ಹಿಂದೆ ಈ ಕೆಲಸಕ್ಕೆ ಕಣ್ಣೀರು ಸುರಿಸಿಕೊಂಡು ನಗುವ ಹಳದಿ ಮುಖ ಇತ್ತು. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಆ ಮುಖವನ್ನೇ ವರ್ಷದ ಪದ ಅಂತ ಸಾರಿದರು. ಒಂದಕ್ಷರವೂ ಇಲ್ಲದ್ದು ಪದವಾಯಿತಲ್ಲ ಅಂತ ಪಂಡಿತರು ಕೊರಗುತ್ತಿರುವಾಗಲೇ ಹುಡುಗರು ಅದಕ್ಕೆ ಅಂಕಲ್ ಪಟ್ಟ ಕಟ್ಟಿ ಮೂಲೆಗೆ ಕೂರಿಸಿದರು. ಈಗ ಅದನ್ನು ಬಳಸುವವರ ವಯಸ್ಸು ಕೇಳಲು ಆಧಾರ್ ಕಾರ್ಡು ಬೇಕಾಗಿಲ್ಲ.

ಇದರ ಬಿಸಿ ತಟ್ಟಿದವರಲ್ಲಿ ವೈಟ್‌ಫೀಲ್ಡ್ ಕಡೆಯ ಒಬ್ಬ ಮ್ಯಾನೇಜರೂ ಇದ್ದಾರೆ. ಐವತ್ತು ದಾಟಿದ ಸಜ್ಜನರು, ಹೆಸರು ಬೇಡ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವರು, ಹೊಳೆಯುವ ಬೋಳುತಲೆಯ ಫೋಟೋ ತೆಗೆದು ಟೀಮಿನ ಗುಂಪಿಗೆ ಹಾಕಿ, ‘ಹೊಸ ಹೇರ್‌ಸ್ಟೈಲ್ ಹೇಗಿದೆ?’ ಅಂತ ತಮಾಷೆ ಮಾಡಿದರು. ಸಾಲಾಗಿ ಆರು ತಲೆಬುರುಡೆ ಬಂದು ಬಿದ್ದವು. ಏಳನೆಯವಳು ಹೊಸಬಳು, ಪಾಪ, ಅಕ್ಷರದಲ್ಲೇ ಬರೆದಳು: ‘ಸರ್, ನಾನು ಸತ್ತೇ ಹೋದೆ!’ ಸಾಹೇಬರು ಬೆವರುತ್ತಾ ಮನೆಗೆ ಬಂದು ಫೋನನ್ನು ಹೆಂಡತಿಯ ಕೈಗಿಟ್ಟರು. ಆಕೆ ಒಂದು ಮಾತೂ ಕೇಳಲಿಲ್ಲ. ಕಲ್ಲುಪ್ಪು, ಒಣಮೆಣಸಿನಕಾಯಿ, ಸಾಸಿವೆ ಹಿಡಿದು ತಂದು, ಗಂಡನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಮೂರು ಸಲ ನಿವಾಳಿಸಿ ಕಾದ ಕಾವಲಿಗೆ ಸುರಿದರು. ‘ನೋಡಿ, ಚೂರೂ ಘಾಟು ಬರ್ಲಿಲ್ಲ. ಇದು ಆರು ಜನದ ಕಣ್ಣಲ್ಲ ರೀ, ಇಡೀ ಆಫೀಸಿಂದೇ ಬಿದ್ದಿದೆ’ ಅಂದರು. ಮಾರನೆಯ ದಿನ ಸಾಹೇಬರ ಕ್ಯಾಬಿನ್ನಿನ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತಿತ್ತು. ಅದನ್ನು ನೋಡಿ ಹುಡುಗರು ಇನ್ನೊಂದು ಸಲ ಸತ್ತರು.

ಚಿತ್ರಗಳ ಕಾಟ ತಡೆದುಕೊಳ್ಳಬಹುದು, ಚುಕ್ಕಿಗಳದ್ದು ಅದಕ್ಕಿಂತ ಹೆಚ್ಚು. ನಮ್ಮ ಕಾಲದ ಮೇಷ್ಟ್ರು ವಾಕ್ಯದ ಕೊನೆಗೆ ಪೂರ್ಣವಿರಾಮ ಇಲ್ಲದಿದ್ದರೆ ಅರ್ಧ ಅಂಕ ಕಡಿಯುತ್ತಿದ್ದರು. ಈಗಿನ ಹುಡುಗರ ಲೆಕ್ಕದಲ್ಲಿ ಬರೀ ‘ಸರಿ’ ಅಂದರೆ ಒಪ್ಪಿಗೆ. ಮುಂದೆ ಒಂದು ಚುಕ್ಕಿ ಬಿತ್ತೋ, ಸಾಹೇಬರಿಗೆ ಸಿಟ್ಟು ಬಂದಿದೆ. ಮೂರು ಚುಕ್ಕಿ ಬಿದ್ದರೆ ಕೆಲಸ ಹೋಯಿತು. ಐವತ್ತು ದಾಟಿದವರಿಗಾದರೋ ಮೂರು ಚುಕ್ಕಿ ಅಂದರೆ ಉಸಿರು ತೆಗೆದುಕೊಳ್ಳುವ ಜಾಗ. ‘ಊಟ ಆಯ್ತಾ...’ ಅಂತಲೂ ಹಾಕುತ್ತಾರೆ, ‘ಹುಟ್ಟುಹಬ್ಬದ ಶುಭಾಶಯ...’ ಅಂತಲೂ ಹಾಕುತ್ತಾರೆ. ಹೀಗೊಬ್ಬ ಹಿರಿಯರು ಶುಕ್ರವಾರ ರಾತ್ರಿ ಟೀಮಿನ ಹುಡುಗನಿಗೆ ‘ಸೋಮವಾರ ಬಾ, ಮಾತಾಡೋದಿದೆ...’ ಅಂತ ಕಳಿಸಿ ನೆಮ್ಮದಿಯಾಗಿ ಮಲಗಿಬಿಟ್ಟರು. ಹುಡುಗ ಶನಿವಾರವಿಡೀ ರೆಸ್ಯೂಮೆ ತಿದ್ದಿದ. ಭಾನುವಾರ ಅಣ್ಣನಿಗೆ ಫೋನ್ ಮಾಡಿ ಬೈಕಿನ ಕಂತಿಗೆ ಸಾಲ ಕೇಳಿದ. ಸೋಮವಾರ ಬೆಳಿಗ್ಗೆ ಐಡಿ ಕಾರ್ಡನ್ನು ಕೊರಳಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದ. ಹಿರಿಯರು ಕೇಳಿದ್ದು ಇಷ್ಟು: ‘ನಿಮ್ಮೂರು ಸಾಗರದ ಕಡೆ ಅಲ್ವೇನಪ್ಪಾ? ಒಂದೆರಡು ಕೆಜಿ ಅಪ್ಪೆಮಿಡಿ ತರಿಸಿಕೊಡೋಕಾಗುತ್ತಾ?’

ನಗಬೇಡಿ, ಒಂದು ಚಿತ್ರಕ್ಕೆ ದಂಡ ತೆತ್ತವರಿದ್ದಾರೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 2021ರಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು 85 ಟನ್ನಿಗೂ ಮಿಕ್ಕಿದ ಅಗಸೆಗೆ ಕರಾರುಪತ್ರ ಬರೆದು, ಅದರ ಫೋಟೋ ಹೊಡೆದು, ಖಚಿತಪಡಿಸಿ ಅಂತ ರೈತನ ಮೊಬೈಲಿಗೆ ಕಳಿಸಿತು. ರೈತ ಹೆಬ್ಬೆರಳೆತ್ತಿದ ಚಿತ್ರ ಒತ್ತಿದ. ಆಮೇಲೆ ಅಗಸೆಯ ದರ ಏರಿತು, ಸರಕು ಬರಲಿಲ್ಲ, ಕೇಸು ಬಿತ್ತು. ಕಾಗದ ಕೈ ಸೇರಿತು ಅನ್ನುವುದಕ್ಕೆ ಹೆಬ್ಬೆರಳೆತ್ತಿದ್ದೇ ಹೊರತು ಒಪ್ಪಿದೆ ಅಂತಲ್ಲ ಅನ್ನುವುದು ರೈತನ ವಾದ. ನ್ಯಾಯಾಧೀಶರು 2023ರಲ್ಲಿ, ಆ ಹೆಬ್ಬೆರಳನ್ನು ಸಹಿಯೆಂದೇ ಪರಿಗಣಿಸಿ 82,000 ಕೆನಡಾ ಡಾಲರಿಗೂ ಮೇಲೆ ಪರಿಹಾರ ಕಟ್ಟಲು ಹೇಳಿದರು. ಮರುವರ್ಷ ಮೇಲ್ಮನವಿಯಲ್ಲೂ ಅದೇ ನಿಂತಿತು. ಜಗತ್ತೆಲ್ಲ ಇದನ್ನು ಹೊಸ ಯುಗದ ತೀರ್ಪು ಅಂತ ಕೊಂಡಾಡಿತು. ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ನಮ್ಮ ಅಜ್ಜಂದಿರನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದರು.

ನಮ್ಮ ಆಫೀಸುಗಳಲ್ಲಿ ಹೆಬ್ಬೆರಳಿನ ಅರ್ಥ ಇನ್ನೂ ಇತ್ಯರ್ಥವಾಗಿಲ್ಲ. ರಜೆಯ ಮೆಸೇಜಿಗೆ ಸಾಹೇಬರು ಹೆಬ್ಬೆರಳೆತ್ತಿದರೆ, ‘ಕೊಟ್ಟೆ’ ಅಂತಲೋ ಬರೀ ‘ನೋಡಿದೆ’ ಅಂತಲೋ ಗೋಕರ್ಣದ ಬೀಚಿನಲ್ಲಿ ಕೂತಾಗ ಬರುವ ಫೋನಿನಿಂದಲೇ ತಿಳಿಯುವುದು. ಅದೇ ಹೆಬ್ಬೆರಳನ್ನು ಹುಡುಗರು ಓದಿಕೊಳ್ಳುವುದು ‘ಸಾಕು, ಬಾಯಿ ಮುಚ್ಚು’ ಅಂತ.

ಅಂಕಿಗಳಾದರೂ ನಂಬಿಕಸ್ಥ ಅಂದುಕೊಂಡಿದ್ದೆವು. 2025ರಲ್ಲಿ ಅಮೆರಿಕದ ಡಿಕ್ಷನರಿ ಡಾಟ್ ಕಾಮ್ ‘67’ ಅನ್ನುವ ಅಂಕಿಯನ್ನೇ ವರ್ಷದ ಪದ ಅಂತ ಆರಿಸಿತು. ‘ಸಿಕ್ಸ್ ಸೆವೆನ್’ ಅಂತ ರಾಗ ಎಳೆಯುತ್ತಾ ಎರಡೂ ಅಂಗೈಗಳನ್ನು ತಕ್ಕಡಿಯ ತಟ್ಟೆಗಳಂತೆ ಮೇಲೆ ಕೆಳಗೆ ಆಡಿಸಬೇಕು, ಅಷ್ಟೇ. ಅರ್ಥವಿಲ್ಲ, ಅರ್ಥವಿಲ್ಲದಿರುವುದೇ ಮಜಾ. ರಾಜಾಜಿನಗರದ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ‘ಆ ಪಾರ್ಟಿದು ಬಾಕಿ ಎಷ್ಟಪ್ಪಾ?’ ಅಂತ ಕೇಳಿದ್ದಕ್ಕೆ ತರಬೇತಿಗೆ ಬಂದ ಹುಡುಗ ಹಾಗೇ ಅಂಗೈ ತೂಗಿದ. ಹಿರಿಯ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಅರವತ್ತೇಳು ಲಕ್ಷ ಅಂತ ಬರೆದುಕೊಂಡರು. ಪಾರ್ಟಿಗೆ ನೋಟಿಸೂ ಹೋಯಿತು. ಪಾರ್ಟಿ ಬೆಚ್ಚಿಬಿದ್ದು, ಅರವತ್ತೇಳು ಎಲ್ಲಿ ಸ್ವಾಮಿ, ಇರೋದು ಹತ್ತು ಲಕ್ಷ ಅಂತ ಕೈಮುಗಿದು ಕಟ್ಟಿಹೋದ. ನಿಜವಾದ ಬಾಕಿ ಎಂಟಿತ್ತು ಅನ್ನುವುದು ಗುಮಾಸ್ತರಿಗೆ ಆಮೇಲೆ ತಿಳಿಯಿತು. ಅರ್ಥವಿಲ್ಲದ ಮಾತಿಂದ ವಸೂಲಿ ಆಗುವುದಿಲ್ಲ ಅಂತ ಹೇಳಿದವರು ಯಾರು?

ಇದೆಲ್ಲ ಇಂಗ್ಲಿಷಿನ ಹಾವಳಿ, ನಮ್ಮ ಕನ್ನಡ ಇಂಥದ್ದಕ್ಕೆಲ್ಲ ಆಸ್ಪದ ಕೊಡುವುದಿಲ್ಲ ಅಂತ ಎದೆಯುಬ್ಬಿಸುವವರನ್ನು ಒಂದು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ. ಉತ್ತರ ಭಾರತದಿಂದ ವರ್ಗವಾಗಿ ಬಂದ ಮ್ಯಾನೇಜರು. ಕನ್ನಡ ಬರುವುದಿಲ್ಲ ಅಂತ ಯಾರೂ ಬಾಯಿಗೆ ಬಂದದ್ದು ಅನ್ನಬಾರದಲ್ಲ ಅಂತ ಶ್ರದ್ಧೆಯಿಂದ ಕಲಿತವರು. ಗುರುಗಳು ಯಾರೆಂದರೆ ಆಟೋದವರು, ಟೀ ಅಂಗಡಿ ಹುಡುಗರು, ಇನ್‌ಸ್ಟಾಗ್ರಾಮಿನ ರೀಲ್ಸು. ನವೆಂಬರ್ ತಿಂಗಳು. ತಾನಿನ್ನೂ ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಸಾಬೀತು ಮಾಡಲು ನಿವೃತ್ತ ಹೆಡ್‌ಮಾಸ್ತರೊಬ್ಬರು ಕೊಡೆ ಊರಿಕೊಂಡು ಬಂದರು. ಮ್ಯಾನೇಜರು ಎದ್ದು ನಿಂತು ಕೈಮುಗಿದು, ‘ಬನ್ನಿ ಗುರು’ ಅಂದರು. ಮೇಷ್ಟ್ರ ಮುಖ ಅರಳಿತು. ಜೀವಮಾನವಿಡೀ ಪಾಠ ಹೇಳಿದ್ದಕ್ಕೆ ಪರಭಾಷೆಯವನಾದರೂ ಗುರುತಿಸಿದನಲ್ಲ! ಕೂತುಕೊಳ್ಳುವಷ್ಟರಲ್ಲಿ ಮುಂದಿನ ವಾಕ್ಯ ಬಂತು: ‘ಏನ್ ಮಗಾ ಸಮಾಚಾರ? ಹವಾ ಜೋರು!’

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. ‘ಅಲ್ರೀ, ಬಾಗಿಲಲ್ಲಿ ಗುರು ಆಗಿದ್ದೋನು ಕುರ್ಚಿಗೆ ಬರೋಷ್ಟರಲ್ಲಿ ಮಗ ಆಗೋದ್ನಾ? ನಿಮ್ಮಪ್ಪನಿಗೂ ನಾನೇ ಅಂಕ ಕೊಡಬಹುದಾದಷ್ಟು ವಯಸ್ಸಾಗಿದೆ ನಂಗೆ.’ ಏನೋ ತಪ್ಪಾಯಿತು ಅಂತ ಮ್ಯಾನೇಜರಿಗೆ ಹೊಳೆಯಿತು, ಏನು ಅಂತ ಹೊಳೆಯಲಿಲ್ಲ. ಸಮಾಧಾನ ಮಾಡಲು ತಮ್ಮ ಬತ್ತಳಿಕೆಯಲ್ಲಿದ್ದ ಅತ್ಯುತ್ತಮ ಕನ್ನಡ ತೆಗೆದರು: ‘ಟೆನ್ಷನ್ ಬೇಡ ಬಾಸ್, ನಿಮ್ಮ ಪೆನ್ಷನ್ ನಾನು ಎತ್ತಾಕ್ತೀನಿ!’ ಮೇಲಕ್ಕೆ ಎತ್ತಿ ಖಾತೆಗೆ ಹಾಕುತ್ತೇನೆ ಅನ್ನುವುದು ಅವರ ಭಾವ. ಮೇಷ್ಟ್ರು ಪಾಸ್‌ಬುಕ್ಕನ್ನು ಜೇಬಿಗಿಟ್ಟುಕೊಂಡು, ಜೇಬಿನ ಮೇಲೆ ಕೈ ಇಟ್ಟುಕೊಂಡೇ ಹೊರಬಿದ್ದರು. ನನ್ನ ಓಟು ಮ್ಯಾನೇಜರಿಗೇ. ಹತ್ತು ವರ್ಷ ಇಲ್ಲಿದ್ದೂ ಬಾಯಿ ಬಿಡದವರ ನಡುವೆ ಈತ ಬಿಟ್ಟನಲ್ಲ. ‘ಎತ್ತಾಕು’ ಅನ್ನುವುದನ್ನು ಹಾಗೆ ಕಲಿಸಿದವರು ನಾವೇ.

ಬೆಂಗಳೂರಿನ ಆಡುಮಾತಿನಲ್ಲಿ ಮುಕ್ಕಾಲುಪಾಲು ಭೂಗತಲೋಕದಲ್ಲಿ ಹುಟ್ಟಿ, ಗಾಂಧಿನಗರದಲ್ಲಿ ಬೆಳೆದು, ಟೆಕ್ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ್ದು. 1995ರಲ್ಲಿ ಉಪೇಂದ್ರ ನಿರ್ದೇಶನದ ‘ಓಂ’ ಬಂದ ಮೇಲಂತೂ ಲಾಂಗು, ಸ್ಕೆಚ್ಚು, ಡೀಲುಗಳ ಭಾಷೆ ಹುಡುಗರಿಗೆ ಮಗ್ಗಿಗಿಂತ ಚೆನ್ನಾಗಿ ಬಂತು. ಆ ಹುಡುಗರೇ ಈಗ ಸೇಲ್ಸ್ ವಿಭಾಗದ ಮುಖ್ಯಸ್ಥರು. ಹಾಗೊಬ್ಬ ಲಿಫ್ಟಿನಲ್ಲಿ ಫೋನಿಗೆ ಹೇಳುತ್ತಿದ್ದ: ‘ಚೆನ್ನೈ ಪಾರ್ಟಿಗೆ ಸ್ಕೆಚ್ ಹಾಕಾಯ್ತು ಗುರು, ಗುರುವಾರ ಮುಗಿಸಿಬಿಡ್ತೀನಿ. ಬಾಡಿ ರೆಡಿ ಇದೆ, ಹೆಡ್ ಒಂದು ಬಾಕಿ. ರಾತ್ರಿ ಕೂತು ಅದನ್ನೂ ಹಾಕ್ತೀನಿ.’ ಪ್ರಸ್ತಾವನೆಯ ಪತ್ರ ತಯಾರಿದೆ, ತಲೆಬರಹ ಬರೆಯುವುದಿದೆ ಅಂತ ವಿಷಯ. ಪಕ್ಕದಲ್ಲಿ ನಿಂತಿದ್ದ ಹೊಸ ಸೆಕ್ಯೂರಿಟಿ ಗಾರ್ಡ್ ನಾಲ್ಕನೇ ಮಹಡಿಗೆ ಇಳಿಯಬೇಕಾಗಿದ್ದವನು ಎರಡರಲ್ಲೇ ಇಳಿದು ಮೆಟ್ಟಿಲಲ್ಲಿ ಓಡಿದ.

ಹುಡುಗರ ಮಾತು ಕಿವಿಗೆ ಬಿದ್ದರೆ ಉರಿದುಬೀಳುವ ಹಿರಿಯರ ಮಾತನ್ನೂ ಒಂದಿಷ್ಟು ಕೇಳಿಸಿಕೊಳ್ಳೋಣ. ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ಸಾಹೇಬರು ಮೀಟಿಂಗಿನಲ್ಲಿ ಗುಡುಗಿದರು: ‘ಈ ಹುಡುಗರಿಗೆ ನೆಟ್ಟಗೆ ಒಂದು ವಾಕ್ಯ ಬರಲ್ಲ! ಆ ಬಿಡಿಭಾಗದ ಸಪ್ಲೈಯರು ಮೂರು ತಿಂಗಳಿಂದ ಕಾಗೆ ಹಾರಿಸ್ತಾ ಇದ್ದಾನೆ, ನಮಗೆ ಚಳ್ಳೆಹಣ್ಣು ತಿನ್ನಿಸಿ ಪಂಗನಾಮ ಹಾಕಿ ಹೋದ, ಇವರು ಕಿವಿ ಮೇಲೆ ಹೂ ಇಟ್ಕೊಂಡು ಕೂತಿದ್ರು.’ ನೆಟ್ಟಗಿನ ವಾಕ್ಯವೇ, ನಮಗೆ ನಿಮಗೆ. ಆದರೆ ಮೀಟಿಂಗಿನಲ್ಲಿ ಆಡಿದ್ದನ್ನು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ನಡಾವಳಿ ಬರೆದುಕೊಡುವ ಯಂತ್ರವೊಂದನ್ನು ಕಂಪನಿಯವರು ಹೊಸದಾಗಿ ತರಿಸಿದ್ದರು. ಅದು ಪ್ರಾಮಾಣಿಕವಾಗಿ ದಾಖಲಿಸಿತು: ಸರಬರಾಜುದಾರರು ಮೂರು ತಿಂಗಳಿಂದ ಪಕ್ಷಿಗಳನ್ನು ಬಿಡುಗಡೆ ಮಾಡುತ್ತಿದ್ದಾರೆ. ಸಿಬ್ಬಂದಿಗೆ ಹಣ್ಣು ಹಂಚಿದ್ದಾರೆ. ನಂತರ ಧಾರ್ಮಿಕ ವಿಧಿ ನೆರವೇರಿದೆ. ಸಿಬ್ಬಂದಿ ಪುಷ್ಪಾಲಂಕೃತರಾಗಿ ಭಾಗವಹಿಸಿದ್ದಾರೆ. ಪುಣೆಯ ಮುಖ್ಯ ಕಚೇರಿಯ ಆಡಿಟ್ ವಿಭಾಗ ಎರಡು ಪ್ರಶ್ನೆ ಕೇಳಿ ಮೇಲ್ ಕಳಿಸಿತು. ಮಾರಾಟಗಾರರಿಂದ ಉಡುಗೊರೆ ಸ್ವೀಕರಿಸುವುದು ನಿಯಮಬಾಹಿರ ಅಂತ ಗೊತ್ತಿಲ್ಲವೇ? ಹಣ್ಣಿನ ಒಟ್ಟು ಮೌಲ್ಯವೆಷ್ಟು? ಸಾಹೇಬರು ವಿವರಣೆ ಬರೆದು ಬರೆದು ಹರಿದರು. ಮೋಸ ಅನ್ನುವ ಒಂದು ಪದ ಬರೆದಿದ್ದರೆ ಆಗುತ್ತಿತ್ತು, ಆದರೆ ಮೋಸ ಹೋದವರು ಯಾರು ಅಂತ ಮುಂದಿನ ಪ್ರಶ್ನೆ ಬರುತ್ತದಲ್ಲ. ಕೊನೆಗೆ ಹಣ್ಣಿನ ಮೌಲ್ಯ ಇನ್ನೂರು ರೂಪಾಯಿ ಅಂತ ತೋರಿಸಿ, ಜೇಬಿಂದ ಕಟ್ಟಿ ಫೈಲು ಮುಚ್ಚಿಸಿದರು.

ಆಫೀಸಿನ ಮಾತು ಮನೆ ತಲುಪಿದಾಗ ಆಗುವ ಫಜೀತಿಯೇ ಬೇರೆ. ಮಂಡ್ಯದ ಕಡೆಯ ಒಬ್ಬ ಸಾಫ್ಟ್‌ವೇರ್ ಹುಡುಗ ಊರಿಗೆ ಫೋನ್ ಮಾಡಿ ‘ಅಪ್ಪಾ, ನಂಗೆ ಆನ್‌ಸೈಟ್ ಸಿಕ್ತು’ ಅಂದ. ಸಂಜೆಯೊಳಗೆ ಹಳ್ಳಿಗೆಲ್ಲ ಸುದ್ದಿ. ಸೋದರಮಾವ ಫೋನ್ ಕಿತ್ತುಕೊಂಡು ಶುರು ಮಾಡಿದರು: ‘ಎಷ್ಟಕ್ಕೆಷ್ಟ್ಲಾ? ಮೂವತ್ತು ನಲವತ್ತಾ? ಬಿಡಿಎದಾ, ರೆವಿನ್ಯೂದಾ? ಎ ಖಾತೆನೋ ಬಿ ಖಾತೆನೋ? ಕಾರ್ನರ್ ಸೈಟಾದ್ರೆ ಬುಡ್ಬೇಡ ಕಣ್ಲಾ!’ ಇಲ್ಲ ಮಾವ, ಅಮೆರಿಕಕ್ಕೆ ಕೆಲಸದ ಮೇಲೆ ಹೋಗೋದು ಅಂತ ಹುಡುಗ ಬಿಡಿಸಿ ಹೇಳಿದ. ಮಾವ ನಿಟ್ಟುಸಿರು ಬಿಟ್ಟು, ‘ಅಷ್ಟು ದೂರುಕ್ ಹೋಗಿ ಸೈಟ್ ತಕಂಡ್ರೆ ನೋಡ್ಕಳರ್ಯಾರ್ಲಾ?’ ಅಂದರು. ಅದೇ ಹುಡುಗ ಮರುವರ್ಷ ಪ್ರಾಜೆಕ್ಟ್ ಮುಗಿದು ಬೆಂಚಿನ ಮೇಲಿದ್ದೀನಿ ಅಂದಾಗ ಅಪ್ಪ ಮಾತೇ ಆಡಲಿಲ್ಲ. ಬೆಂಚಿನ ಮೇಲೆ ನಿಲ್ಲಿಸುವುದು ಅಂದರೇನು ಅಂತ ನಾಲ್ಕನೇ ಕ್ಲಾಸಿನವರೆಗೆ ಓದಿದ ಅವರಿಗೂ ಗೊತ್ತಿತ್ತು. ಎರಡು ದಿನ ಬಿಟ್ಟು ಮೆಲ್ಲಗೆ ಕೇಳಿದರು: ‘ಎಲ್ರ್ ಮುಂದೂ ನಿಲ್ಸವ್ರೇನ್ಲಾ?’

ಹುಡುಗ ನಕ್ಕು, ಹಾಗೇನಿಲ್ಲಪ್ಪ, ಸಂಬಳ ಬರುತ್ತೆ, ಸದ್ಯಕ್ಕೆ ಕೆಲಸ ಇಲ್ಲ ಅಷ್ಟೇ ಅಂದ. ಆರು ತಿಂಗಳಿಗೆ ಸಂಬಳವೂ ನಿಂತಾಗ ನನಗನ್ನಿಸಿದ್ದು, ಕಂಪನಿಯ ಮಾತನ್ನು ಸರಿಯಾಗಿ ಅರ್ಥಮಾಡಿಕೊಂಡವರು ಆ ಅಪ್ಪನೊಬ್ಬರೇ.

ನನ್ನ ತಕರಾರು ಇರುವುದು ಇಲ್ಲೇ. ತಲೆಬುರುಡೆ ಹಾಕಿದವಳನ್ನು ಕರೆದು ಏನಮ್ಮಾ ಇದು ಅಂದರೆ ನಗು ಬಂತು ಸರ್ ಅನ್ನುತ್ತಾಳೆ. ಗೊಂದಲ ಅಲ್ಲಿಗೆ ಮುಗಿಯಿತು. ಆದರೆ ‘ನಿನಗೆ ಬ್ಯಾಂಡ್‌ವಿಡ್ತ್ ಇದೆಯಾ?’ ಅನ್ನುವ ಸಾಹೇಬರನ್ನು, ಹಾಗಂದರೆ ಭಾನುವಾರ ಬರಬೇಕಾ ಅಂತ ಕೇಳಿ ನೋಡಿ. ನಾನು ಹಾಗೆ ಹೇಳಿದೆನಾ ಅನ್ನುತ್ತಾರೆ. ಭಾನುವಾರ ಬಾರದಿದ್ದರೆ ಅಪ್ರೈಸಲ್ಲಿನಲ್ಲಿ ‘ಓನರ್‌ಶಿಪ್ ಕಡಿಮೆ’ ಅಂತ ಬರುತ್ತದೆ. ಕೆಲಸ ಕಿತ್ತುಕೊಳ್ಳುವುದಕ್ಕೆ ‘ರೈಟ್‌ಸೈಜಿಂಗ್’, ಮೂರು ಜನರ ಕೆಲಸ ಒಬ್ಬನ ತಲೆಗೆ ಕಟ್ಟುವುದಕ್ಕೆ ‘ಬೆಳೆಯುವ ಅವಕಾಶ’, ಮಾಡುವುದಿಲ್ಲ ಅನ್ನುವುದಕ್ಕೆ ‘ಪಾರ್ಕ್ ಮಾಡೋಣ’. ಸರ್ಕಾರಿ ಕಚೇರಿಯ ‘ಪರಿಶೀಲನೆಯಲ್ಲಿದೆ’, ‘ಮೇಲಿಂದ ಬರಬೇಕು’, ‘ನಿಯಮಾನುಸಾರ ಕ್ರಮ’ಗಳು ಇವಕ್ಕೆ ದೊಡ್ಡಪ್ಪಂದಿರು. ಇವು ಖಾದಿ ಪಂಚೆಯ ಬದಲು ಕೋಟು ಹಾಕಿಕೊಂಡಿವೆ, ಅಷ್ಟೇ. ಈ ಭಾಷೆಗೆ ಪ್ರೊಫೆಷನಲ್ ಅಂತ ಹೆಸರು, ಮಕ್ಕಳದ್ದಕ್ಕೆ ಮಾತ್ರ ಸ್ಲ್ಯಾಂಗು. ಹುಡುಗರ ಮಾತಿನಲ್ಲಿ ಅಪಾರ್ಥ ಆಗಿಬಿಡುತ್ತದೆ. ದೊಡ್ಡವರದ್ದರಲ್ಲಿ ಅದನ್ನು ಲೆಕ್ಕ ಹಾಕಿ ಇಟ್ಟಿರುತ್ತಾರೆ, ನಾಳೆ ಯಾರೂ ಕೊರಳಪಟ್ಟಿ ಹಿಡಿಯಬಾರದಲ್ಲ.

ಈ ಲೆಕ್ಕ ತಪ್ಪಿದ್ದನ್ನು ಒಮ್ಮೆ ಕೇಳಿ ಖುಷಿಪಟ್ಟಿದ್ದೇನೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಎಂಡಿ ಸಾಹೇಬರು, ‘ಇದು ಕಂಪನಿ ಅಲ್ಲ, ನಾವೆಲ್ಲ ಒಂದು ಫ್ಯಾಮಿಲಿ’ ಅಂದರು. ಚಪ್ಪಾಳೆ. ಹಿಂದಿನ ಸಾಲಿನಿಂದ ಒಬ್ಬ ‘ಹೌದೋ ಹುಲಿಯಾ!’ ಅಂದ. 2019ರ ಕಾಗವಾಡ ಉಪಚುನಾವಣೆಯಲ್ಲಿ ಸಿದ್ದರಾಮಯ್ಯನವರ ಭಾಷಣದ ನಡುವೆ ಯಾರೋ ಕೂಗಿದ್ದು ನಾಡೆಲ್ಲ ಹಬ್ಬಿದ ಮಾತದು. ಹೊಗಳಿಕೆಯೋ ಕಾಲೆಳೆಯುವುದೋ ಅಂತ ಕೂಗಿದವನ ಮುಖ ನೋಡಿಯೇ ಹೇಳಬೇಕು. ಎಂಡಿ ಹೊಗಳಿಕೆ ಅಂದುಕೊಂಡು ಎದೆಯ ಮೇಲೆ ಕೈ ಇಟ್ಟುಕೊಂಡರು. ಪ್ರಶ್ನೋತ್ತರದ ಹೊತ್ತಿಗೆ ವಿಜಯಪುರದ ಕಡೆಯ ಹುಡುಗನೊಬ್ಬ ಮೈಕು ತಗೊಂಡು ವಿನಯವಾಗಿ ಕೇಳಿದ: ‘ಸರ್, ಫ್ಯಾಮಿಲಿ ಅಂದ್ರಲ್ರೀ, ಹಂಗಾರ ವಾಟ್ನಿ ಯಾವಾಗ್ರಿ?’ ಪಕ್ಕದಲ್ಲಿದ್ದವರು ವಾಟ್ನಿ ಅಂದರೆ ಆಸ್ತಿ ಪಾಲು ಅಂತ ಎಂಡಿಯವರ ಕಿವಿಯಲ್ಲಿ ಅನುವಾದಿಸಿದರು. ಎಂಡಿ ಜೋರಾಗಿ ನಕ್ಕು, ‘ಸೆನ್ಸ್ ಆಫ್ ಹ್ಯೂಮರ್!’ ಅಂದರು. ಹುಡುಗ ನಗಲಿಲ್ಲ.

ಅದಾದ ಮೇಲೆ ಎಚ್‌ಆರ್‌ನವರು ‘ತಲೆಮಾರುಗಳ ನಡುವೆ ಸೇತುವೆ’ ಅಂತ ಒಂದು ದಿನದ ವರ್ಕ್‌ಶಾಪ್ ಇಟ್ಟರು. ಊಟಕ್ಕೆ ಬಿಸಿಬೇಳೆಬಾತು. ಹುಡುಗರ ಪದಗಳ ಅರ್ಥಕೋಶವೊಂದನ್ನು ಬಣ್ಣದಲ್ಲಿ ಅಚ್ಚುಹಾಕಿಸಿ ಎಲ್ಲ ಮ್ಯಾನೇಜರುಗಳಿಗೂ ಹಂಚಿದರು. ಮಾರನೆಯ ಬೆಳಿಗ್ಗೆ ಕಾಫಿ ಮಷೀನಿನ ಪಕ್ಕ, ಅದೇ ಅಳತೆ, ಅದೇ ಬಣ್ಣದ ಇನ್ನೊಂದು ಅರ್ಥಕೋಶ ಅಂಟಿಸಿತ್ತು. ಅದರಲ್ಲಿದ್ದದ್ದು ಮ್ಯಾನೇಜರುಗಳ ಪದಗಳು. ‘ಒಂದು ನಿಮಿಷ ಬರ್ತೀಯಾ’: ಒಂದು ಗಂಟೆ ಬೈಯುವುದಿದೆ. ‘ಒಳ್ಳೆಯ ಪ್ರಶ್ನೆ’: ಉತ್ತರ ಗೊತ್ತಿಲ್ಲ. ‘ಈ ವರ್ಷ ಮಾರುಕಟ್ಟೆ ಸ್ಥಿತಿ ಗೊತ್ತಲ್ಲ’: ಇನ್‌ಕ್ರಿಮೆಂಟ್ ಇಲ್ಲ. ‘ಪಾರದರ್ಶಕತೆ ನಮ್ಮ ಉಸಿರು’: ಕ್ಯಾಮೆರಾ ಹಾಕಿಸಿದ್ದೇವೆ. ಹನ್ನೊಂದು ಗಂಟೆಯೊಳಗೆ ಅದನ್ನು ಕಿತ್ತರು. ಹನ್ನೆರಡಕ್ಕೆ ಎಚ್‌ಆರ್‌ನಿಂದ ಎಲ್ಲರಿಗೂ ಮೇಲ್ ಬಂತು. ಇದನ್ನು ಅಂಟಿಸಿದವರ ಕ್ರಿಯಾಶೀಲತೆಯನ್ನು ಕಂಪನಿ ಮೆಚ್ಚುತ್ತದೆ, ದಯವಿಟ್ಟು ಮುಂದೆ ಬಂದು ತಿಳಿಸಿ, ಯಾರ ಮೇಲೂ ಯಾವುದೇ ಕ್ರಮ ಇರುವುದಿಲ್ಲ.

ಕಂಪನಿಯ ಒಂದು ವಾಕ್ಯ ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಒಂದೇ ಥರ ಅರ್ಥವಾದದ್ದು ಅದೇ ಮೊದಲು. ಯಾರೂ ಮುಂದೆ ಬರಲಿಲ್ಲ.